ಎದೆಯ ದನಿಯನ್ನಾಲಿಸಿದ ಲೆನೆಕ್

ವೈದ್ಯರ ಕೊರಳಲ್ಲಿ ಕಾಣುವ ಸ್ಟೆತೊಸ್ಕೋಪನ್ನು ಅರಿಯದವರಿಲ್ಲ. ಅದನ್ನು ಲೋಕಕ್ಕಿತ್ತ ಮಹನೀಯನನ್ನು ಅರಿತವರು ವಿರಳ. ಆತನೇ ಫ್ರಾನ್ಸ್ ದೇಶದ ರೆನೆ ಲೆನೆಕ್.

ಲೆನೆಕ್ ೧೭೮೧ರ ಫೆಬ್ರುವರಿ ೧೭ರಂದು ಬ್ರಿಟನಿ ಪ್ರಾಂತದ ಕೆಂಪೇರ್ ಪಟ್ಟಣದಲ್ಲಿ ಜನಿಸಿದನು. ಎಳವೆಯಲ್ಲಿಯೇ ಮಾತೃವಿಯೋಗವನ್ನು ಅನುಭವಿಸಿದ ಈತನಿಗೆ ನಾಂತ್ ನಗರದಲ್ಲಿ ವೈದ್ಯನಾಗಿದ್ದ ಚಿಕ್ಕಪ್ಪನು ಆಶ್ರಯದಾತನೂ ಮಾರ್ಗದರ್ಶಕನೂ ಆದನು. ೧೮೦೧ರಲ್ಲಿ ಪ್ಯಾರಿಸ್ ಸೇರಿದ ಲೆನೆಕ್ ಪ್ರಖ್ಯಾತ ವೈದ್ಯ ಕೋರ್ವಿಸಾರನ ಶಿಷ್ಯನಾದನು. ಎದೆಯನ್ನು ಬೆರಳುಗಳಿಂದ ತಟ್ಟಿ, ಹೊಮ್ಮುವ ದನಿಯಿಂದ ಒಳಗಿನ ಸ್ಥಿತಿಯನ್ನು ಅರಿಯುವ ಕ್ರಮವನ್ನು ಆಸ್ಟ್ರಿಯದ ಔಎನ್‌ಬ್ರುಗ್ಗರನು ೧೭೬೧ರಲ್ಲಿಯೇ ಪ್ರಕಟಿಸಿದ್ದನು. ಬಹುಮಟ್ಟಿಗೆ ಮರೆತುಹೋಗಿದ್ದ ಆ ವಿದ್ಯೆಗೆ ಕೋರ್ವಿಸಾರನು ಮರುಜೀವ ನೀಡಿದ್ದನು.

೧೮೧೬ರಲ್ಲಿ ಹೃದ್ರೋಗದಿಂದ ಬಳಲುತ್ತಿದ್ದ ತರುಣಿಯೊಬ್ಬಳು ಲೆನೆಕನ ಬಳಿಗೆ ಬಂದಳು. ಆಕೆಯ ಸ್ಥೂಲಕಾಯದಿಂದಾಗಿ ತಟ್ಟಿ ನೋಡುವುದು ನಿಷ್ಫಲವಾಯಿತು. ಎದೆಗೆ ಕಿವಿಯಿಟ್ಟು ಕೇಳುವುದು ಮರ್ಯಾದೆಗೆ ಒಪ್ಪದಾಯಿತು. ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಮತ್ತೊಂದು ತುದಿಯಲ್ಲಿ ಸದ್ದು ಸ್ಪಷ್ಟವಾಗಿ ಕೇಳುವುದೆಂಬ ಸಂಗತಿ ಆತನಿಗೆ ನೆನಪಾಯಿತು. ಕಾಗದಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಎದೆಗಿಟ್ಟು ಆಲಿಸಿದನು. ಹೃದಯದ ಬಡಿತ ಸ್ಫುಟವಾಗಿ ಕೇಳಿಬಂದಿತು. ಬಳಿಕ ಮರವನ್ನು ಸ್ವತಃ ಕಡೆದು, ಸುಮಾರು ಒಂದಡಿ ಉದ್ದದ ನಳಿಗೆಯನ್ನು ಸಿದ್ಧಪಡಿಸಿದನು.

ಅಂದು ಕ್ಷಯವು ಯೂರೋಪನ್ನು ಕಾಡುತ್ತಿದ್ದ ಮಹಾವ್ಯಾಧಿ. ಲೆನೆಕನು ರೋಗಿಗಳ ಎದೆಯನ್ನು ಆಲಿಸಿ, ಕೇಳಿದುದನ್ನು ಬರೆದಿಟ್ಟು, ಅವರು ಮೃತರಾದಾಗ ಶವಪರೀಕ್ಷೆಯೊಡನೆ ಹೋಲಿಸಿ ನೋಡಿದನು. ಶ್ವಾಸಕೋಶದಲ್ಲಿ ಮೂಡಿದ ಕಿರುಗಂಟುಗಳು ಬೆಳೆದು, ಮೆದುವಾಗಿ, ಕರಗಿ ಕುಹರಗಳಾಗುವುದು ಒಂದೇ ರೋಗದ ವಿವಿಧ ಹಂತಗಳೆಂದು ತೋರಿಸಿದನು. ರೋಗಿಯ ಮಾತು ಎದೆಯಿಂದಲೇ ಹೊರಟು ನಳಿಗೆಯ ಮೂಲಕ ನೇರವಾಗಿ ಕಿವಿಗೆ ಬಂದಂತೆ ಕೇಳಿದರೆ ಅಲ್ಲಿ ಕುಹರವಿದೆಯೆಂದು ಆತನು ತಿಳಿಯುತ್ತಿದ್ದನು. ಈ ಜ್ಞಾನವೆಲ್ಲ ೧೮೧೯ರಲ್ಲಿ ಗ್ರಂಥರೂಪ ತಾಳಿತು.

ಆದರೆ ಗಾಳಿ ತುಂಬಿದ ಶ್ವಾಸಕೋಶದೊಳಗೆ ಅಡಗಿದ ಸಣ್ಣ ಗಂಟು ಸಾಮಾನ್ಯವಾಗಿ ಕಿವಿಗೂ ಬೆರಳಿಗೂ ನಿಲುಕದು. ಅದನ್ನು ಕಾಣಲು ಎಕ್ಸ್‌ರೇ, ಸ್ಕ್ಯಾನ್‌ಗಳೇ ಬೇಕು. ಆದರೂ ಕೊರಳಿನ ಗ್ರಂಥಿಗಳ ಊತ, ಉಬ್ಬಿದ ಬೆರಳ ತುದಿಗಳು, ಸೊರಗಿದ ಶರೀರ ಇವನ್ನು ಗುರುತಿಸುವ ವೈದ್ಯನ ಕಣ್ಣು ಕೈಗಳ ಕೆಲಸ ಇಂದಿಗೂ ಮುಗಿದಿಲ್ಲ.

ಅನ್ಯರ ಎದೆಯಲ್ಲಿ ಹುಡುಕಿದ ರೋಗವೇ ಲೆನೆಕನನ್ನೂ ಆವರಿಸಿತು. ಆತನ ಬಂಧುವೂ ವೈದ್ಯನೂ ಆದ ಮೆರಿಯಾದೆಕ್ ಅದೇ ಸಾಧನದಿಂದ ಆತನ ಎದೆಯನ್ನು ಆಲಿಸಿದಾಗ, ಲೆನೆಕನೇ ಲೋಕಕ್ಕೆ ತಿಳಿಸಿದ್ದ ಕ್ಷಯದ ಲಕ್ಷಣಗಳು ಕೇಳಿಬಂದವು. ೧೮೨೬ರ ಆಗಸ್ಟ್ ೧೩ರಂದು, ನಲವತ್ತೈದರ ವಯಸ್ಸಿನಲ್ಲಿ, ಲೆನೆಕ್ ತಾಯ್ನೆಲದಲ್ಲಿ ದೇಹವಿಟ್ಟನು. ಕ್ಷಯದ ರೋಗಾಣುವನ್ನು ಕಾಖ್ ಪ್ರಕಟಿಸಿದುದು ೧೮೮೨ರಲ್ಲಿ.

ನೊಂದವರ ಎದೆಯ ದನಿಗೆ ತಾಳ್ಮೆಯಿಂದ ಕಿವಿಗೊಡುವುದನ್ನೇ ಕಾಯಕವಾಗಿಸಿಕೊಂಡ ಈ ಜೀವನ, ವಿದ್ಯಾರ್ಥಿಗಳಿಗೂ ಗುರುಗಳಿಗೂ ಸಮಾನವಾಗಿ ಅನುಕರಣೀಯವಾಗಿದೆ.