ರಾವಣನ ಪಾತ್ರದಿಂದ ‘ಹಣ್ಣೆಲೆ’ವರೆಗೆ: ಹೊಳಲ್ಕೆರೆಯ ನಟ ಆರ್. ನಾಗೇಂದ್ರರಾಯರ ಬದುಕು

ಕದರಮಂಡಲಗಿ: ಬ್ಯಾಡಗಿ ಸ್ಟೇಷನ್ನಿನಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದವರು ರಾಣೆಬೆನ್ನೂರು, ಹರಿಹರ, ದಾವಣಗೆರೆ ದಾಟಿದ ಮೇಲೆ ಚಿಕ್ಕಜಾಜೂರು ಜಂಕ್ಷನ್ ನೋಡೇ ಇರ್ತಾರೆ. ಅದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲೂಕು. ಆ ಹೊಳಲ್ಕೆರೆಯಲ್ಲಿ 1896ರ ಜೂನ್ 23ರಂದು ಹುಟ್ಟಿದ ಹುಡುಗನೊಬ್ಬ ಮುಂದೆ ಕನ್ನಡದ ಮೊದಲ ಟಾಕಿ ಸಿನಿಮಾದಲ್ಲಿ ರಾವಣನಾದ. ಎಪ್ಪತ್ತು ದಾಟಿದ ಮೇಲೆ ರಾಜ್ಯದ ಶ್ರೇಷ್ಠ ನಟ ಅನ್ನಿಸಿಕೊಂಡ. ಅವರೇ ಆರ್. ನಾಗೇಂದ್ರರಾಯರು. ಇವತ್ತಿನ ಹುಡುಗರಿಗೆ ಹೆಸರು ಅಷ್ಟು ಗೊತ್ತಿಲ್ಲದಿರಬಹುದು. ಆದರೆ ಊರ ಜಾತ್ರೆಗೆ ಬಣ್ಣ ಹಚ್ಚಿ ಸ್ಟೇಜು ಹತ್ತೋ ಪ್ರತಿಯೊಬ್ಬರೂ ತಿಳ್ಕೊಳ್ಳಬೇಕಾದ ಬದುಕು ಅವರದು.

ಕಂಪನಿ ನಾಟಕದ ಅನ್ನ

ನಾಗೇಂದ್ರರಾಯರು ಚಿಕ್ಕ ವಯಸ್ಸಿನಲ್ಲೇ ನಾಟಕದ ಕಂಪನಿ ಸೇರಿದವರು. ಆಗ ಮೈಕ್ ಇರಲಿಲ್ಲ. ಹಿಂದಿನ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಕೇಳಬೇಕು, ಹಾಡು ಕೇಳಬೇಕು. ನಟನಾದವನು ಹಾಡಲೇಬೇಕಿತ್ತು. ಕಂಠ ಇಲ್ಲದವನಿಗೆ ಪಾತ್ರ ಇಲ್ಲ. ಬೇರೆ ಕಲಾವಿದರು ಕೈಕೊಟ್ಟರೆ ಅವರ ಪಾತ್ರವನ್ನೂ ನಿಭಾಯಿಸಬೇಕು. ಇಂಥ ಗರಡಿಯಲ್ಲಿ ಪಳಗಿದ್ದಕ್ಕೇ ಅವರು ನಟನೆ, ಸಂಗೀತ, ನಿರ್ದೇಶನ ಮೂರನ್ನೂ ಕಲಿತರು.

ಕಂಪನಿ ನಡೆಸೋದು ಅಂದ್ರೆ ಅಂಗಡಿ ನಡೆಸಿದ ಹಾಗೆ, ಆದರೆ ಅದಕ್ಕಿಂತ ಕಷ್ಟ. ಕಲೆಕ್ಷನ್ ಚೆನ್ನಾಗಿದ್ದರೆ ಒಂದೇ ಊರಲ್ಲಿ ತಿಂಗಳುಗಟ್ಟಲೆ ಕ್ಯಾಂಪ್. ಮಳೆ ಹಿಡಿದರೆ, ಬೆಳೆ ಕೈಕೊಟ್ಟರೆ ಟಿಕೆಟ್ ತಗೊಳ್ಳೋರು ಇಲ್ಲ. ಆಗ ಕಿರಾಣಿ ಅಂಗಡಿಯವರ ಉದ್ರಿ ಲೆಕ್ಕ ಬೆಳೆಯುತ್ತಿತ್ತು. ಪರದೆ, ಪೆಟ್ಟಿಗೆ, ಹಾರ್ಮೋನಿಯಂ, ಹತ್ತಾರು ಜನರ ಊಟ, ಎಲ್ಲವೂ ಮಾಲೀಕನ ತಲೆ ಮೇಲೆ.

ಟಾಕಿ ಬಂತು, ದಾರಿ ಬದಲಾಯ್ತು

1931ರಲ್ಲಿ ‘ಆಲಂ ಆರಾ’ ಬಿಡುಗಡೆಯಾಗಿ ಭಾರತದಲ್ಲಿ ಮಾತಾಡೋ ಸಿನಿಮಾ ಶುರುವಾಯಿತು. ನಾಟಕದವರಿಗೆ ಇದು ಹೊಟ್ಟೆ ಮೇಲೆ ಬಿದ್ದ ಪೆಟ್ಟು. ಒಂದು ನಾಟಕ ಒಂದು ರಾತ್ರಿ ಒಂದೇ ಊರಲ್ಲಿ ನಡೆಯುತ್ತೆ. ಸಿನಿಮಾ ಅದೇ ರಾತ್ರಿ ಹತ್ತು ಊರಲ್ಲಿ ನಡೆಯಬಹುದು, ನಟರಿಗೆ ದಿನಾ ಊಟ ಹಾಕೋ ಖರ್ಚೂ ಇಲ್ಲ. ಬಹಳ ಮಂದಿ ಟಾಕಿಯನ್ನು ಬೈಯುತ್ತ ಕೂತರು. ನಾಗೇಂದ್ರರಾಯರು ಹೋಗಿ ಕಲಿತು ಬಂದರು. ಕನ್ನಡದ ಟಾಕಿ ಹುಟ್ಟೋ ಮುಂಚೆಯೇ ಬೇರೆ ಭಾಷೆಯ ಟಾಕಿಯಲ್ಲಿ ಪಾತ್ರ ಮಾಡಿ, ಕ್ಯಾಮೆರಾ ಮುಂದೆ ನಿಲ್ಲೋದು ಹೇಗೆ ಅಂತ ತಿಳಿದುಕೊಂಡಿದ್ದರು.

ಅಷ್ಟರಲ್ಲಿ ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಬಂಡವಾಳ ಹಾಕಿ ಸೌತ್ ಇಂಡಿಯಾ ಮೂವಿಟೋನ್ ಕಟ್ಟಿದರು. ಅವರು ತೆಗೆದ ಚಿತ್ರ ‘ಸತಿ ಸುಲೋಚನ’. ನಿರ್ದೇಶಕ ವೈ.ವಿ. ರಾವ್, ಅಂದ್ರೆ ಮುಂದೆ ಹೆಸರಾದ ನಟಿ ಲಕ್ಷ್ಮಿಯವರ ತಂದೆ. ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ. ರಾವಣನ ಪಾತ್ರ ನಾಗೇಂದ್ರರಾಯರಿಗೆ. ಸಂಗೀತದ ಹೊಣೆಯಲ್ಲೂ ಅವರ ಪಾಲಿತ್ತು.

ಆಗ ನಮ್ಮಲ್ಲಿ ಟಾಕಿ ತೆಗೆಯೋ ಸ್ಟುಡಿಯೋ ಎಲ್ಲಿತ್ತು? ಇಡೀ ತಂಡ ಕೊಲ್ಲಾಪುರಕ್ಕೆ ಹೋಗಿ ಛತ್ರಪತಿ ಸಿನಿಟೋನ್‌ನಲ್ಲಿ ಶೂಟಿಂಗ್ ಮಾಡಿತು. ಖರ್ಚು ಸುಮಾರು 40 ಸಾವಿರ ರೂಪಾಯಿ ಅಂತ ಲೆಕ್ಕ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಚಿತ್ರ ತೆರೆ ಕಂಡಿತು. ತೆರೆಯ ಮೇಲೆ ಮೊದಲ ಬಾರಿಗೆ ಕನ್ನಡ ಮಾತು ಕೇಳಿಸಿದ್ದು ಆವತ್ತು. ಅದಕ್ಕೇ ಮಾರ್ಚ್ 3ನ್ನು ಕನ್ನಡ ಸಿನಿಮಾ ದಿನ ಅಂತ ಆಚರಿಸ್ತಾರೆ.

ಒಂದು ದುಃಖದ ಸಂಗತಿ ಅಂದ್ರೆ, ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ನಾಗೇಂದ್ರರಾಯರ ರಾವಣ ಹೇಗಿದ್ದ ಅಂತ ನೋಡೋ ಭಾಗ್ಯ ಇನ್ನು ಯಾರಿಗೂ ಇಲ್ಲ.

ಇಬ್ಬರ ಪಾಲುದಾರಿಕೆ

ಪಾಲಿನಲ್ಲಿ ಅಂಗಡಿ ಹಾಕಿದವರಿಗೆ ಅದರ ಸುಖ, ಕಷ್ಟ ಎರಡೂ ಗೊತ್ತಿರುತ್ತೆ. ನಾಗೇಂದ್ರರಾಯರು ಮತ್ತು ಸುಬ್ಬಯ್ಯ ನಾಯ್ಡು ಒಂದೇ ವಾರಿಗೆಯವರು, ಇಬ್ಬರೂ 1896ರಲ್ಲಿ ಹುಟ್ಟಿದವರು. ಮೂವತ್ತರ ದಶಕದಲ್ಲಿ ಇಬ್ಬರೂ ಸೇರಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸಿದರು. ನಾಯ್ಡು ಅವರದು ನಾಯಕನ ಪಾತ್ರ, ಇವರದು ಎದುರಾಳಿಯದು. ಒಬ್ಬರಿಗೊಬ್ಬರು ಸರಿಜೋಡಿ.

ಸ್ಟೇಜಿನ ಈ ಜೋಡಿ ಸಿನಿಮಾಕ್ಕೂ ಬಂತು. 1941ರ ‘ವಸಂತಸೇನಾ’ದಲ್ಲಿ ನಾಯ್ಡು ಚಾರುದತ್ತ, ನಾಗೇಂದ್ರರಾಯರು ಶಕಾರ. ಶಕಾರ ಅಂದ್ರೆ ರಾಜನ ಮೈದುನ. ಜಂಬ, ಪೆದ್ದುತನ, ಕೆಟ್ಟತನ ಮೂರೂ ಒಂದೇ ಮನುಷ್ಯನಲ್ಲಿ ಕಾಣಬೇಕು. ನಗಿಸುತ್ತಲೇ ಹೆದರಿಸಬೇಕು. ಕಂಪನಿ ನಾಟಕದಲ್ಲಿ ಪಳಗಿದವನಿಗೆ ಮಾತ್ರ ಒಗ್ಗೋ ಪಾತ್ರ ಅದು.

1943ರಲ್ಲಿ ಎ.ವಿ. ಮೆಯ್ಯಪ್ಪನ್ ಅವರ ಜೊತೆ ‘ಸತ್ಯ ಹರಿಶ್ಚಂದ್ರ’ ಬಂತು. ನಾಯ್ಡು ಹರಿಶ್ಚಂದ್ರನಾದರು, ನಿರ್ದೇಶನ ನಾಗೇಂದ್ರರಾಯರದು. ಈ ಕನ್ನಡ ಚಿತ್ರಕ್ಕೆ ಮುಂದೆ ತಮಿಳು ಮಾತು ಕೂಡಿಸಿ ಬಿಡುಗಡೆ ಮಾಡಿದರು. ನಮ್ಮ ದೇಶದಲ್ಲಿ ಒಂದು ಭಾಷೆಯ ಚಿತ್ರವನ್ನು ಇನ್ನೊಂದು ಭಾಷೆಗೆ ಡಬ್ ಮಾಡಿದ್ದು ಅದೇ ಮೊದಲು ಅಂತಾರೆ.

1947ರಲ್ಲಿ ‘ಮಹಾತ್ಮ ಕಬೀರ್’ ಬಂತು. ಅದರ ನಂತರ ಇಬ್ಬರ ದಾರಿ ಬೇರೆಯಾಯಿತು. ನಾಯ್ಡು ನಾಟಕದ ಕಡೆ ಉಳಿದರು. ನಾಗೇಂದ್ರರಾಯರು ಐವತ್ತು ದಾಟಿದ ಮೇಲೆ ಹೊಸದಾಗಿ ಅಂಗಡಿ ತೆರೆದವರಂತೆ ಒಬ್ಬರೇ ಸಿನಿಮಾದ ಕಡೆ ನಡೆದರು. 1962ರಲ್ಲಿ ತೀರಿಕೊಂಡ ಸುಬ್ಬಯ್ಯ ನಾಯ್ಡು ಅವರ ಮಗನೇ ಮುಂದೆ ಹೆಸರಾದ ನಟ ಲೋಕೇಶ್.

ಸ್ವಂತ ಬ್ಯಾನರ್, ಸ್ವಂತ ಮಕ್ಕಳು

ನಾಗೇಂದ್ರರಾಯರು ಆರ್‌ಎನ್‌ಆರ್ ಪಿಕ್ಚರ್ಸ್ ಅಂತ ಸ್ವಂತ ಸಂಸ್ಥೆ ಕಟ್ಟಿದರು. 1953ರಲ್ಲಿ ಬಂದ ‘ಜಾತಕ ಫಲ’ ಕನ್ನಡ, ತಮಿಳು, ತೆಲುಗು ಮೂರರಲ್ಲೂ ತಯಾರಾಯಿತು. ಜಾತಕದ ಮೇಲಿನ ಕುರುಡು ನಂಬಿಕೆ ಒಂದು ಮನೆಯನ್ನು ಹೇಗೆ ಕಾಡುತ್ತೆ ಅನ್ನೋದು ಕಥೆ. ರಾಮಾಯಣ, ಪುರಾಣವೇ ಓಡುತ್ತಿದ್ದ ಕಾಲದಲ್ಲಿ ಮನೆಮನೆಯ ಸಂಗತಿ ತೆಗೆದದ್ದು ಧೈರ್ಯದ ಕೆಲಸವೇ ಸರಿ. 1957ರ ‘ಪ್ರೇಮದ ಪುತ್ರಿ’ಗೆ ಕನ್ನಡದ ಶ್ರೇಷ್ಠ ಚಿತ್ರ ಅಂತ ರಾಷ್ಟ್ರಪತಿಗಳ ಬೆಳ್ಳಿ ಪದಕ ಬಂತು.

ಮಕ್ಕಳೂ ಇದೇ ಕಸುಬು ಹಿಡಿದರು. ಆರ್.ಎನ್. ಕೃಷ್ಣಪ್ರಸಾದ್ ಛಾಯಾಗ್ರಾಹಕರಾದರು. ಆರ್.ಎನ್. ಜಯಗೋಪಾಲ್ ಗೀತರಚನೆಕಾರರಾದರು, ಇವತ್ತಿಗೂ ರೇಡಿಯೋದಲ್ಲಿ ಕೇಳೋ ಎಷ್ಟೋ ಹಳೇ ಹಾಡು ಅವರದೇ. ಆರ್.ಎನ್. ಸುದರ್ಶನ್ 1961ರಲ್ಲಿ ಅಪ್ಪನೇ ತೆಗೆದ ‘ವಿಜಯನಗರದ ವೀರಪುತ್ರ’ದಿಂದ ನಾಯಕನಾಗಿ ಬಂದರು.

ಹಣ್ಣೆಲೆ ಚಿಗುರಿದ್ದು

ಎಪ್ಪತ್ತು ದಾಟಿದ ನಟನಿಗೆ ಸಾಮಾನ್ಯವಾಗಿ ಆಶೀರ್ವಾದ ಮಾಡೋ ತಾತನ ಪಾತ್ರ ಸಿಗುತ್ತೆ. ನಾಗೇಂದ್ರರಾಯರಿಗೆ ಹಾಗಾಗಲಿಲ್ಲ. ತ್ರಿವೇಣಿಯವರ ಕಾದಂಬರಿ ಆಧರಿಸಿ 1968ರಲ್ಲಿ ಎಂ.ಆರ್. ವಿಠಲ್ ನಿರ್ದೇಶಿಸಿದ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ಕಥೆಯ ಭಾರ ಹೊರೋದು ಮನೆಯ ಹಿರಿಯನೇ. ಗಂಡನನ್ನು ಕಳಕೊಂಡ ಎಳೆ ವಯಸ್ಸಿನ ಮಗಳಿಗೆ ಹೊಸ ಬಾಳು ಬೇಡ ಅನ್ನೋ ಬಿಗಿ ಮನುಷ್ಯ. ಕೊನೆಗೆ ಮುಪ್ಪಿನಲ್ಲಿ ತನ್ನ ಮನಸ್ಸೇ ಜೊತೆ ಬಯಸಿದಾಗ, ಮಗಳಿಗೆ ಮಾಡಿದ ಅನ್ಯಾಯ ಅವನಿಗೆ ಅರಿವಾಗುತ್ತೆ. ಮಗಳಾಗಿ ಕಲ್ಪನಾ, ಜೊತೆಗೆ ರಾಜ್‌ಕುಮಾರ್. ಹಾಡು ಬರೆದದ್ದು ಮಗ ಜಯಗೋಪಾಲ್.

ಹಿಂದಿನ ಸಾಲಿಗೆ ಕೇಳೋ ಹಾಗೆ ಕೂಗಿ ಮಾತಾಡೋ ಕಾಲದಿಂದ ಬಂದವರು, ಇಲ್ಲಿ ದನಿ ಏರಿಸದೆ ಮುಖದಲ್ಲೇ ಎಲ್ಲ ಹೇಳಿದರು. ರಾಜ್‌ಕುಮಾರ್ ನಾಯಕರಾಗಿದ್ದ ಚಿತ್ರದಲ್ಲಿ 1968–69ರ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಈ ಹಿರಿಯರಿಗೆ. 1976ರಲ್ಲಿ ಪದ್ಮಶ್ರೀ ಬಂತು. ಮರುವರ್ಷ, 1977ರ ಫೆಬ್ರವರಿ 9ರಂದು, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಒಂದೇ ಆಯುಷ್ಯದಲ್ಲಿ ಕಂಪನಿ ನಾಟಕ, ಟಾಕಿ, ಹೊಸ ಕಾಲದ ಸಾಮಾಜಿಕ ಚಿತ್ರ ಮೂರನ್ನೂ ಕಂಡವರು ಅವರು. ಕಸುಬು ಮೂರು ಸಲ ಬದಲಾಯಿತು, ಮೂರು ಸಲವೂ ಹೊಸದಾಗಿ ಕಲಿತರು. ರಾವಣನನ್ನಂತೂ ಕಳಕೊಂಡಿದ್ದೇವೆ. ಆದರೆ ‘ಹಣ್ಣೆಲೆ ಚಿಗುರಿದಾಗ’ ಇನ್ನೂ ನೋಡೋಕೆ ಸಿಗುತ್ತೆ. ಒಂದು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಮಂದಿ ಜೊತೆ ಕೂತು ನೋಡ್ರಿ. ಹೊಳಲ್ಕೆರೆಯ ಆ ಹುಡುಗ ಎಲ್ಲಿಗೆ ಮುಟ್ಟಿದ ಅನ್ನೋದು ಅದರಲ್ಲೇ ಕಾಣುತ್ತೆ.