ಎಲಿಜಬೆತ್ ಕಾಟನ್ನಳ ಚರಿತ್ರೆ

ಅಮೇರಿಕಾ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲೈನಾ ಪ್ರಾಂತದಲ್ಲಿ, ಈಗ ಕಾರ್‌ಬರೋ ಎನಿಸಿಕೊಳ್ಳುವ ಊರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಆಫ್ರಿಕಾ ಮೂಲದ ಬಡ ಕುಟುಂಬವೊಂದರಲ್ಲಿ ಈಕೆಯು ಹುಟ್ಟಿದಳು. ಮನೆಯಲ್ಲಿ ಎಲ್ಲರೂ ಪುಟ್ಟ ತಂಗಿಯೆಂದೇ ಕರೆಯುತ್ತಿದ್ದರು. ಶಾಲೆಗೆ ಸೇರಿದ ಮೊದಲನೆಯ ದಿನ ಹೆಸರೇನೆಂದು ಕೇಳಲಾಗಿ, ಬಾಲಿಕೆಯು ತಾನೇ ಎಲಿಜಬೆತ್ ಎಂದು ಹೆಸರಿಟ್ಟುಕೊಂಡಳು. ವರ್ಷವರ್ಷವೂ ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಬರೆಯುವ ನಮಗೆ ಈ ಸಂಗತಿಯು ಬಹು ಪ್ರಿಯವಾದುದು.

ಅಣ್ಣನು ಮನೆಯಲ್ಲಿಲ್ಲದಾಗ ಈಕೆಯು ಆತನ ಬ್ಯಾಂಜೋ ವಾದ್ಯವನ್ನು ತೆಗೆದು ನುಡಿಸುತ್ತಿದ್ದಳು. ದುಂಡಾದ ಬಳೆಗೆ ಚರ್ಮ ಬಿಗಿದು, ನೀಳವಾದ ಕೊರಳನ್ನು ಜೋಡಿಸಿದ ಈ ತಂತಿವಾದ್ಯದ ಮೂಲವು, ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕಾದವರಲ್ಲಿದೆ. ಹುಡುಗಿಯು ಎಡಚಿ. ಬಲಗೈಯವರಿಗಾಗಿ ಕಟ್ಟಿದ ತಂತಿಗಳನ್ನು ಬದಲಿಸದೆ, ವಾದ್ಯವನ್ನೇ ತಿರುಗಿಸಿ ಹಿಡಿದಳು. ಇತರರು ಹೆಬ್ಬೆರಳಿನಿಂದ ಮಂದ್ರಸ್ವರಗಳನ್ನೂ ಉಳಿದ ಬೆರಳುಗಳಿಂದ ರಾಗವನ್ನೂ ನುಡಿಸುವರು. ಈಕೆಯದು ಇದಕ್ಕೆ ತಲೆಕೆಳಗು. ಮುಂದೆ ಗಿಟಾರಿನಲ್ಲಿಯೂ ಇದೇ ಕ್ರಮವು ನೆಲೆಗೊಂಡು, ಆಕೆಯ ಹೆಸರಿನಿಂದಲೇ ಪ್ರಸಿದ್ಧವಾಯಿತು. ಎಡಗೈಯಿಂದ ಬರೆಯುವ ಮಕ್ಕಳನ್ನು ತಿದ್ದಹೊರಡುವ ಉಪಾಧ್ಯಾಯಿನಿಯರಾದ ನಾವು ಇದನ್ನು ಆಲೋಚಿಸಬೇಕಾಗಿದೆ.

ಎಳೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು ಪರರ ಮನೆಗೆಲಸಕ್ಕೆ ಸೇರಿದಳು. ಆ ಸಂಬಳವನ್ನು ಕೂಡಿಸಿ, 3 ಡಾಲರು 75 ಸೆಂಟುಗಳಿಗೆ ಗಿಟಾರನ್ನು ಕೊಂಡಳು. ಸರಕು ರೈಲುಗಾಡಿಯ ಮೇಲೆ 'ಫ್ರೈಟ್ ಟ್ರೈನ್' ಎಂಬ ಹಾಡನ್ನು ಕಟ್ಟಿದ್ದೂ ಬಾಲ್ಯದಲ್ಲಿಯೇ. 1910ರ ಸುಮಾರಿಗೆ ವಿವಾಹವಾಗಿ ಒಬ್ಬ ಮಗಳನ್ನು ಪಡೆದಳು. ಲೌಕಿಕ ಹಾಡುಗಳನ್ನು ಬಿಡಬೇಕೆಂದು ಸಭೆಯವರು ಬುದ್ಧಿ ಹೇಳಿದುದರಿಂದ ವಾದ್ಯವನ್ನು ಕೆಳಗಿಟ್ಟಳು. ಅಪರೂಪಕ್ಕೆ ದೇವಾಲಯದಲ್ಲಿ ನುಡಿಸುತ್ತಿದ್ದುದುಂಟು. ಅವರ ಉದ್ದೇಶವು ಒಳ್ಳೆಯದೇ ಇದ್ದೀತು. ಆದರೂ ಸರಕು ಗಾಡಿಯ ಹಾಡಿನಲ್ಲಿ ಯಾವ ದೋಷವಿತ್ತೋ ನಮಗೆ ಕಾಣದು. ಹೀಗೆ ದಶಕಗಳು ಮನೆಗೆಲಸದಲ್ಲಿ ಕಳೆದವು.

1940ರ ದಶಕದಲ್ಲಿ ಈಕೆಯು ವಾಷಿಂಗ್ಟನ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಗೊಂಬೆಗಳನ್ನು ಮಾರುತ್ತಿದ್ದಳು. ಒಂದು ದಿನ ಅಲ್ಲಿ ದಾರಿತಪ್ಪಿದ ಪೆಗ್ಗಿ ಎಂಬ ಹುಡುಗಿಯನ್ನು ಕರೆತಂದು ತಾಯಿಗೆ ಒಪ್ಪಿಸಿದಳು. ಆ ತಾಯಿಯು ಸಂಗೀತರಚನೆಯಲ್ಲಿ ಹೆಸರಾದ ರೂತ್ ಕ್ರಾಫರ್ಡ್ ಸೀಗರ್. ಆಕೆಯ ಮನೆಯಲ್ಲಿಯೇ ಎಲಿಜಬೆತ್ ಕೆಲಸಕ್ಕೆ ಸೇರಿ, ಗೋಡೆಯಲ್ಲಿ ತೂಗುತ್ತಿದ್ದ ಗಿಟಾರನ್ನು ಬಿಡುವಿನಲ್ಲಿ ಇಳಿಸಿ ನುಡಿಸಲಾಗಿ, ಕೇಳಿದ ಮಕ್ಕಳು ಬೆರಗಾದರು. ಅಷ್ಟು ವರುಷಗಳ ಮೌನದ ನಂತರವೂ ವಿದ್ಯೆಯು ಕೈಯಲ್ಲಿ ಉಳಿದಿತ್ತು.

ದೊಡ್ಡವಳಾದ ಪೆಗ್ಗಿಯು 'ಫ್ರೈಟ್ ಟ್ರೈನ್' ಹಾಡನ್ನು ಇಂಗ್ಲೆಂಡಿಗೆ ಒಯ್ದಳು. ಅಲ್ಲಿ 1957ರಲ್ಲಿ ಅದು ಮನೆಮಾತಾಯಿತು. ಆದರೆ ತಟ್ಟೆಯ ಮೇಲೆ ಕರ್ತೃಗಳೆಂದು ಅಚ್ಚಾದ ಹೆಸರುಗಳು ಪರರವು! ಸೀಗರ್ ಕುಟುಂಬದವರ ಪ್ರಯತ್ನದಿಂದ ಆಕೆಯ ಹೆಸರು ತರುವಾಯ ಹಾಡಿಗೆ ಮರಳಿತು. ಪೆಗ್ಗಿಯ ಅಣ್ಣ ಮೈಕನು ಧ್ವನಿಮುದ್ರಿಸಿದ ಹಾಡುಗಳನ್ನು ಫೋಕ್‌ವೇಸ್ ಸಂಸ್ಥೆಯು 1958ರಲ್ಲಿ ಹೊರತಂದಿತು. 1960ರಿಂದ ಸಭೆಗಳಲ್ಲಿ ನುಡಿಸತೊಡಗಿದ ಮೇಲೂ ಎಷ್ಟೋ ಕಾಲ ಮನೆಗೆಲಸವನ್ನು ಬಿಡಲಿಲ್ಲ.

1984ರಲ್ಲಿ ರಾಷ್ಟ್ರೀಯ ಪರಂಪರೆಯ ಗೌರವವೂ, 1985ರಲ್ಲಿ, ತೊಂಬತ್ತರ ವೃದ್ಧಾಪ್ಯದಲ್ಲಿ, ಗ್ರ್ಯಾಮಿ ಪ್ರಶಸ್ತಿಯೂ ಲಭಿಸಿದವು. ಪರರ ಮನೆಗಳನ್ನು ಗುಡಿಸಿದ ಈ ತಾಯಿಯು ಸಂಗೀತದ ಸಂಪಾದನೆಯಿಂದ ಸಿರಾಕ್ಯೂಸ್ ನಗರದಲ್ಲಿ ಸ್ವಂತ ಮನೆಯನ್ನು ಕೊಂಡು, ಆ ನಗರದಲ್ಲಿಯೇ 1987ನೆಯ ಇಸವಿ ಜೂನ್ 29ರಂದು ತೀರಿಕೊಂಡಳು.