ಅಡುಗೆಮನೆಯಿಂದ ಪರದೆಗೆ: ಹ್ಯಾಟಿ ಮ್ಯಾಕ್‌ಡೇನಿಯಲ್



ಏಪ್ರಿಲ್ ಹತ್ತಿರ ಬಂತಂದ್ರ ನಮ್ಮಲ್ಲಿ ಜಯಂತಿ ನಾಟಕದ ತಾಲೀಮು ಸುರು ಆಗ್ತದ. ಮಾತೆಲ್ಲ ಬಾಯಿಪಾಠ ಆಗ್ಯದ, ಆದ್ರ ಅಳು ಬರವಲ್ದು, ಏನು ಮಾಡ್ಲಿ ಅಂತ ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳ್ತಾರ. ಒಬ್ಬರು ಗ್ಲಿಸರಿನ್ ಹಚ್ಚು ಅಂತಾರ, ಇನ್ನೊಬ್ಬರು ಉಳ್ಳಾಗಡ್ಡಿ ಹೆಚ್ಚು ಅಂತಾರ. ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡ್ರಿ ಎಂದು ನೀವು ಕೇಳಿದಾಗ ನನಗೆ ನೆನಪಾದದ್ದು ಆ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುವಷ್ಟು ದೊಡ್ಡ ನಟ ನಾನಲ್ಲ. ಆದರೆ ಆ ಉತ್ತರವನ್ನು ಬದುಕಿ ತೋರಿಸಿದ ಒಬ್ಬ ಹೆಣ್ಣುಮಗಳ ಕಥೆ ಗೊತ್ತು. ಹೆಸರು ಹ್ಯಾಟಿ ಮ್ಯಾಕ್‌ಡೇನಿಯಲ್. ಅಮೆರಿಕದ ಕಪ್ಪು ಜನಾಂಗದಾಕಿ. ಆಸ್ಕರ್ ಪ್ರಶಸ್ತಿ ಪಡೆದ ಮೊಟ್ಟಮೊದಲ ಕಪ್ಪು ಕಲಾವಿದೆ.

ಹ್ಯಾಟಿ ಹುಟ್ಟಿದ್ದು 1893ರ ಜೂನ್ 10ರಂದು, ಕಾನ್ಸಾಸ್ ರಾಜ್ಯದ ವಿಚಿಟಾ ಊರಿನಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವಳು. ಅಪ್ಪ ಹೆನ್ರಿ, ಅವ್ವ ಸೂಸಾನ್ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಗುಲಾಮಗಿರಿ ಕೊನೆಗಾಣಿಸಿದ ಆ ಅಂತರ್ಯುದ್ಧದಲ್ಲಿ ಹೆನ್ರಿ ಕಪ್ಪು ಸಿಪಾಯಿಗಳ ದಳದಲ್ಲಿ ಹೋರಾಡಿ ಗಾಯಗೊಂಡಿದ್ದ. ಯುದ್ಧ ಮುಗಿದ ಮೇಲೆ ಪಿಂಚಣಿಗಾಗಿ ವರ್ಷಗಟ್ಟಲೆ ಅರ್ಜಿ ಹಾಕುತ್ತಲೇ ಇದ್ದ. ಕಚೇರಿಯ ಬಾಗಿಲಲ್ಲಿ ನಿಂತು ಕಾಲು ಸವೆಸುವುದು ಏನಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವ್ವ ಚರ್ಚಿನಲ್ಲಿ ಹಾಡುತ್ತಿದ್ದಳು, ಬಿಳಿಯರ ಮನೆಗಳಲ್ಲಿ ದುಡಿಯುತ್ತಿದ್ದಳು. ಹ್ಯಾಟಿ ಸಣ್ಣಾಕಿ ಇದ್ದಾಗಲೇ ಕುಟುಂಬ ಕೊಲೊರಾಡೊದ ಡೆನ್ವರ್‌ಗೆ ಬಂತು. ಮನೆಯಲ್ಲಿ ಎಲ್ಲರೂ ಹಾಡುವವರೇ. ಮನೆಗೆಲಸ ಮಾಡುವಾಗಲೂ ಈಕೆಯ ಹಾಡು ನಿಲ್ಲುತ್ತಿರಲಿಲ್ಲವಂತೆ, ಅವ್ವ ಬೇಸತ್ತು ಸುಮ್ಮನಿರಿಸಬೇಕಾಗುತ್ತಿತ್ತಂತೆ.

1910ರಲ್ಲಿ ಡೆನ್ವರ್‌ನ ಮದ್ಯಪಾನ ವಿರೋಧಿ ಮಹಿಳಾ ಸಂಘದವರು ನಡೆಸಿದ ಸ್ಪರ್ಧೆಯಲ್ಲಿ ಒಂದು ಪದ್ಯವನ್ನು ಅಭಿನಯಿಸಿ ಹೇಳಿ ಚಿನ್ನದ ಪದಕ ಗೆದ್ದಳು. ಅಲ್ಲಿಗೆ ಶಾಲೆ ಬಿಟ್ಟು ಅಣ್ಣ ಓಟಿಸ್‌ನ ನಾಟಕ ತಂಡ ಸೇರಿದಳು. ಆ ಕಾಲದ ಅಮೆರಿಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟಗಳು ಬಹಳ ನಡೆಯುತ್ತಿದ್ದವು. ಸುಮಾರು 1914ರಲ್ಲಿ ಹ್ಯಾಟಿ ಅಕ್ಕ ಎಟ್ಟಾಳ ಜೊತೆ ಹೆಣ್ಣುಮಕ್ಕಳದೇ ಒಂದು ತಂಡ ಕಟ್ಟಿ, ಆ ಅಣಕವನ್ನೇ ತಿರುಗಿಸಿ ಅಣಕಿಸಿದಳು. ನೋಡುವವರೂ ಕಪ್ಪು ಜನರೇ. ತಮ್ಮವರ ಮುಂದೆ ತಮ್ಮ ಅವಮಾನವನ್ನೇ ಆಡಿ ನಗಿಸುವುದು ಸಣ್ಣ ಕೆಲಸವಲ್ಲ. 1915ರಲ್ಲಿ ಗಂಡ ಸತ್ತ. ಮರುವರ್ಷ ಅಣ್ಣ ಓಟಿಸ್ ಸತ್ತ. ಹ್ಯಾಟಿ ಹಾಡುತ್ತ, ನಡುನಡುವೆ ಬಟ್ಟೆ ಒಗೆಯುತ್ತ, ಅಡುಗೆ ಮಾಡುತ್ತ ದಿನ ದೂಡಿದಳು.

ಇದೇ ಕಾಲಕ್ಕೆ, 1913ರಲ್ಲಿ, ನಮ್ಮ ಬಾಬಾಸಾಹೇಬರು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋಗಿದ್ದರು. ಮುಂದೆ 1946ರಲ್ಲಿ ಅವರು ಕಪ್ಪು ಜನರ ದೊಡ್ಡ ಚಿಂತಕ ಡುಬೋಯಿಸ್ ಅವರಿಗೆ ಪತ್ರ ಬರೆದರು, ವಿಶ್ವಸಂಸ್ಥೆಗೆ ಅವರ ಜನ ಕೊಟ್ಟ ಮನವಿಯ ಪ್ರತಿ ಬೇಕೆಂದು ಕೇಳಿದರು. ಈ ಡುಬೋಯಿಸ್ ಅವರು ಎನ್‌ಎಎಸಿಪಿ ಎಂಬ ಹೋರಾಟದ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರು. ಆ ಸಂಘಟನೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತದ.

1929ರಲ್ಲಿ ಅಮೆರಿಕದ ಶೇರುಪೇಟೆ ಬಿದ್ದಾಗ ಹಾಡುವ ಕೆಲಸವೆಲ್ಲ ನಿಂತುಹೋಯಿತು. ಹ್ಯಾಟಿಗೆ ಸಿಕ್ಕದ್ದು ಮಿಲ್ವಾಕಿ ಹತ್ತಿರದ ಒಂದು ಕ್ಲಬ್ಬಿನಲ್ಲಿ, ಹೆಂಗಸರ ಶೌಚಾಲಯದ ಮುಂದೆ ನಿಂತು ಬಂದವರಿಗೆ ಟವೆಲ್ ಕೊಡುವ ಕೆಲಸ. ಕ್ಲಬ್ಬಿಗೆ ಬರುವವರು ಬಿಳಿಯರು. ವೇದಿಕೆ ಹತ್ತಿರದಲ್ಲೇ ಇತ್ತು, ಆದರೆ ಅದು ಆಕೆಗಲ್ಲ. ಒಂದು ರಾತ್ರಿ ಹಾಡುವವರು ಇಲ್ಲದಾದಾಗ ಆಕೆಯನ್ನು ಕರೆದರು. ಹಾಡಿದಳು. ಆಮೇಲೆ ಅಲ್ಲಿಯ ಕಾಯಂ ಗಾಯಕಿಯೇ ಆದಳು.

1931ರಲ್ಲಿ ಲಾಸ್ ಏಂಜಲಿಸ್‌ಗೆ ಬಂದಳು. ಅಣ್ಣ ಸ್ಯಾಮ್ ಅಲ್ಲಿ ರೇಡಿಯೋದಲ್ಲಿದ್ದ. ಅವನ ಕಾರ್ಯಕ್ರಮದಲ್ಲಿ ಈಕೆಗೂ ಪಾತ್ರ ಸಿಕ್ಕಿತು: ಧಣಿಗಳಿಗೇ ಜೋರು ಮಾಡುವ ಮನೆಗೆಲಸದಾಕಿ. ಜನ ಮೆಚ್ಚಿದರು. ಆದರೆ ರೇಡಿಯೋ ಕೊಡುವ ದುಡ್ಡು ಹೊಟ್ಟೆಗೆ ಸಾಲದು, ಆದ್ದರಿಂದ ನಿಜವಾಗಿಯೂ ಬೇರೆಯವರ ಮನೆಗೆ ಹೋಗಿ ಮುಸುರಿ ತಿಕ್ಕುತ್ತಿದ್ದಳು. ರೇಡಿಯೋದಲ್ಲಿ ಕೆಲಸದಾಕಿ, ಮನೆಗಳಲ್ಲೂ ಕೆಲಸದಾಕಿ. ವ್ಯತ್ಯಾಸ ಒಂದೇ, ರೇಡಿಯೋದಲ್ಲಿ ಬಾಯಿ ಬಿಡಬಹುದಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮಲ್ಲಿ ಬಹಳ ಮಂದಿಯ ಅವ್ವಂದಿರು, ಅಕ್ಕಂದಿರು ಬೇರೆಯವರ ಮನೆಗೆಲಸಕ್ಕೆ ಹೋಗುವವರು. ಅವರನ್ನು ಕೇಳಿ ನೋಡ್ರಿ. ಬಾಗಿಲು ತೆರೆದ ಕೂಡಲೇ ಯಜಮಾನ್ತಿಯ ಮುಖ ನೋಡಿ ಇವತ್ತು ಹವಾ ಹೆಂಗದ ಎಂದು ಅವರಿಗೆ ಗೊತ್ತಾಗುತ್ತದೆ. ತಮ್ಮ ಕೂಸಿಗೆ ಜ್ವರ ಇದ್ದರೂ ಆ ಮನೆಯ ಕೂಸಿನ ಹುಟ್ಟುಹಬ್ಬಕ್ಕೆ ನಗಬೇಕು. ಬೈದರೆ ಕೇಳಿಸದವರಂತೆ ಇರಬೇಕು. ಇದು ಪಾತ್ರೆ ತೊಳೆಯುವಷ್ಟೇ ದುಡಿಮೆ, ಇದಕ್ಕೆ ಮಾತ್ರ ಪಗಾರ ಇಲ್ಲ. 1983ರಲ್ಲಿ ಆರ್ಲಿ ಹೋಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಗಗನಸಖಿಯರ ಕೆಲಸ ಗಮನಿಸಿ, ಇದಕ್ಕೆ ಭಾವನೆಯ ದುಡಿಮೆ ಎಂದೇ ಹೆಸರು ಕೊಟ್ಟು ಒಂದು ಪುಸ್ತಕ ಬರೆದರು. ತುಟಿಯ ಮೇಲಷ್ಟೇ ನಗು ತರುವುದು ಒಂದು, ಒಳಗಿಂದಲೇ ಆ ಭಾವ ಹುಟ್ಟಿಸಿಕೊಳ್ಳುವುದು ಇನ್ನೊಂದು ಎಂದು ವಿಂಗಡಿಸಿದರು. ಈ ಎರಡನೆಯದನ್ನು ವಿವರಿಸಲು ಅವರು ನೆರವು ಪಡೆದದ್ದು ರಷ್ಯಾದ ನಾಟಕ ಗುರು ಸ್ತಾನಿಸ್ಲಾವ್‌ಸ್ಕಿಯಿಂದ. ಅಂದರೆ ನಟರ ವಿದ್ಯೆಯೂ ಕೆಲಸದಾಕಿಯ ವಿದ್ಯೆಯೂ ಒಂದೇ ಮನೆತನದವು. ಹ್ಯಾಟಿ ಇದನ್ನು ಪುಸ್ತಕ ಬರುವುದಕ್ಕೂ ಐವತ್ತು ವರ್ಷ ಮೊದಲೇ ಬಿಳಿಯರ ಅಡುಗೆಮನೆಗಳಲ್ಲಿ ಕಲಿತಿದ್ದಳು.

1932ರಿಂದ ಸಿನಿಮಾದಲ್ಲಿ ಸಣ್ಣ ಸಣ್ಣ ಪಾತ್ರಗಳು ಬಂದವು, ಹೆಚ್ಚುಕಡಿಮೆ ಎಲ್ಲವೂ ಕೆಲಸದಾಕಿಯದೇ. 1935ರ 'ಆಲಿಸ್ ಆಡಮ್ಸ್' ನೋಡಿ. ಬಡತನ ಮುಚ್ಚಿಟ್ಟು ಶ್ರೀಮಂತರಂತೆ ತೋರಿಸಿಕೊಳ್ಳಲು ಒಂದು ಬಿಳಿಯ ಕುಟುಂಬ ಒಂದೇ ರಾತ್ರಿಯ ಊಟಕ್ಕೆ ಹ್ಯಾಟಿಯನ್ನು ಕೆಲಸಕ್ಕೆ ಕರೆಸುತ್ತದೆ. ಸುಡು ಬೇಸಿಗೆ, ಮೇಜಿನ ಮೇಲೆ ಬಿಸಿ ಸೂಪು. ಹ್ಯಾಟಿಯ ಬಾಯಲ್ಲಿ ಚೂಯಿಂಗ್ ಗಮ್, ತಲೆಯ ಮೇಲಿನ ಟೊಪ್ಪಿಗೆ ಜಾರುತ್ತಿದೆ, ಕಾಲೆಳೆದುಕೊಂಡು ಬಡಿಸುತ್ತಾಳೆ. ಹೆಚ್ಚು ಮಾತಿಲ್ಲ. ಆದರೆ ಈ ಸೋಗೆಲ್ಲ ನನಗೆ ಗೊತ್ತಿದೆ ಎಂಬುದು ಆ ಅರೆಮುಚ್ಚಿದ ಕಣ್ಣಲ್ಲೇ ಕಾಣುತ್ತದೆ. ನಿಜವಾದ ಮನೆಯಲ್ಲಿ ನುಂಗಿಕೊಂಡದ್ದನ್ನು ಆಕೆ ಪರದೆಯ ಮೇಲೆ ಒಂದು ಹನಿ ಹೊರಗೆ ಬಿಡುತ್ತಿದ್ದಳು, ಅಷ್ಟೇ. ಪೂರಾ ಬಿಟ್ಟಿದ್ದರೆ ಮರುದಿನ ಕೆಲಸ ಇರುತ್ತಿರಲಿಲ್ಲ.

ಆಮೇಲೆ ಬಂದದ್ದು 'ಗಾನ್ ವಿತ್ ದ ವಿಂಡ್'. ಗುಲಾಮಗಿರಿಯ ಕಾಲದ ದಕ್ಷಿಣ ಅಮೆರಿಕನ್ ರಾಜ್ಯಗಳನ್ನು ಚಂದದ ಲೋಕವೆಂದು ತೋರಿಸುವ ಸಿನಿಮಾ ಅದು, ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಧಣಿಯ ಮನೆಯ ದಾದಿ 'ಮ್ಯಾಮಿ' ಪಾತ್ರಕ್ಕೆ ಬಹಳ ಪೈಪೋಟಿ ಇತ್ತು. ಹ್ಯಾಟಿ ನಿಜವಾದ ಕೆಲಸದಾಕಿಯ ಉಡುಪು ತೊಟ್ಟು ಪರೀಕ್ಷೆಗೆ ಬಂದಳಂತೆ. ಗುಲಾಮ ಹೆಣ್ಣಿನ ಮಗಳು ಗುಲಾಮ ಹೆಣ್ಣಿನ ವೇಷ ಹಾಕುವುದು. ಮನಸ್ಸಿನಲ್ಲಿ ಏನಿತ್ತೋ.

ಆ ಚಿತ್ರದ ಕೊನೆಯ ಭಾಗದಲ್ಲಿ ಒಂದು ಮೆಟ್ಟಿಲಿನ ದೃಶ್ಯವಿದೆ. ಮನೆಯ ಸಣ್ಣ ಮಗಳು ಕುದುರೆಯಿಂದ ಬಿದ್ದು ಸತ್ತಿದ್ದಾಳೆ. ಕತ್ತಲೆಗೆ ಹೆದರುತ್ತಿದ್ದ ಕೂಸನ್ನು ಮಣ್ಣಿಗಿಡಲು ಅಪ್ಪ ಒಪ್ಪುತ್ತಿಲ್ಲ. ಮ್ಯಾಮಿ ಈ ಸಂಕಟವನ್ನೆಲ್ಲ ಮೆಲನಿ ಎಂಬಾಕೆಗೆ ಹೇಳುತ್ತ ಮೆಟ್ಟಿಲು ಹತ್ತುತ್ತಾಳೆ, ಕ್ಯಾಮೆರಾ ಜೊತೆಜೊತೆಗೇ ಏರುತ್ತದೆ. ಆಕೆ ಎದೆ ಬಡಿದುಕೊಂಡು ಅಳುವುದಿಲ್ಲ. ಅಳು ತಡೆದುಕೊಂಡು ಮಾತಾಡುತ್ತಾಳೆ, ಯಾಕಂದ್ರ ಮನೆ ನಡೆಸಬೇಕಾದಾಕಿ ಆಕೆಯೇ. ಮಾತು ಅಲ್ಲಲ್ಲಿ ಒಡೆಯುತ್ತದೆ, ಏದುಸಿರು ಬರುತ್ತದೆ, ಮತ್ತೆ ಒಂದು ಮೆಟ್ಟಿಲು. ನೋಡುವವರಿಗೆ ಕಣ್ಣೀರು ಬರುವುದು ಆಕೆಯ ಕಣ್ಣೀರಿನಿಂದಲ್ಲ, ಆ ತಡೆಯುವಿಕೆಯಿಂದ. ತಾಲೀಮಿನಲ್ಲಿ ಅಳು ಬರವಲ್ದು ಅನ್ನುವ ತಮ್ಮಂದಿರೇ, ಈ ದೃಶ್ಯ ಮೊಬೈಲ್‌ನಲ್ಲಾದರೂ ಒಮ್ಮೆ ನೋಡ್ರಿ. ಅಳು ತರಲು ಹೋಗಬ್ಯಾಡ್ರಿ, ತಡೀಲಿಕ್ಕೆ ಹೋಗ್ರಿ.

1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಸಿನಿಮಾದ ಮೊದಲ ಪ್ರದರ್ಶನ. ಜಾರ್ಜಿಯಾ ರಾಜ್ಯದ ಕಾನೂನಿನಂತೆ ಕಪ್ಪು ಕಲಾವಿದರಿಗೆ ಬಿಳಿಯರ ಜೊತೆ ಆ ಚಿತ್ರಮಂದಿರದಲ್ಲಿ ಕೂರುವ ಹಕ್ಕಿರಲಿಲ್ಲ. ಹ್ಯಾಟಿ ಹೋಗಲಿಲ್ಲ. ನಾಯಕ ನಟ ಕ್ಲಾರ್ಕ್ ಗೇಬಲ್ ಸಿಟ್ಟಾಗಿ ತಾನೂ ಹೋಗುವುದಿಲ್ಲ ಎಂದನಂತೆ, ಹ್ಯಾಟಿಯೇ ಸಮಾಧಾನ ಹೇಳಿ ಕಳಿಸಿದಳಂತೆ. ಅವಮಾನ ಆದವಳೇ ಸಿಟ್ಟಾದವನನ್ನು ಸಮಾಧಾನ ಮಾಡಬೇಕು. ಅದೂ ಕೆಲಸದ ಭಾಗವೇ.

1940ರ ಫೆಬ್ರವರಿ 29ರ ರಾತ್ರಿ ಆಸ್ಕರ್ ಸಮಾರಂಭ ನಡೆದದ್ದು ಕಪ್ಪು ಜನರನ್ನು ಒಳಗೆ ಬಿಡದ ಅಂಬಾಸಿಡರ್ ಹೋಟೆಲಿನಲ್ಲಿ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ವಿಶೇಷವಾಗಿ ಕೇಳಿಕೊಂಡದ್ದಕ್ಕೆ ಹ್ಯಾಟಿಗೆ ಪ್ರವೇಶ ಸಿಕ್ಕಿತು. ಆದರೆ ಚಿತ್ರದ ಉಳಿದ ನಟರ ಮೇಜಿನಲ್ಲಲ್ಲ, ಬೇರೆಯಾಗಿ ಗೋಡೆಯ ಪಕ್ಕದ ಒಂದು ಸಣ್ಣ ಮೇಜಿನಲ್ಲಿ. ಪೋಷಕ ನಟಿ ಪ್ರಶಸ್ತಿಗೆ ಹೆಸರು ಕರೆದಾಗ ಅಲ್ಲಿಂದಲೇ ಎದ್ದು ನಡೆದು ಬಂದಳು. ಮೆಟ್ಟಿಲಿನ ದೃಶ್ಯದಲ್ಲಿ ಜೊತೆಗಿದ್ದ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಕೂಡ ಅದೇ ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದರು. ತನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಹೆಸರು ತರುವಂತೆ ಬದುಕುವ ಆಸೆ ಹೇಳಿಕೊಂಡು, ತುಂಬಿ ಬಂದ ಗಂಟಲಿನಲ್ಲಿ ವಂದಿಸಿ ಇಳಿದಳು. ಪೋಷಕ ಪಾತ್ರಗಳಿಗೆ ಆಗ ಪೂರ್ಣ ಪ್ರತಿಮೆ ಕೊಡುತ್ತಿರಲಿಲ್ಲ, ಒಂದು ಪುಟ್ಟ ಫಲಕ. ಇನ್ನೊಬ್ಬ ಕಪ್ಪು ನಟಿ, ವೂಪಿ ಗೋಲ್ಡ್‌ಬರ್ಗ್, ಆಸ್ಕರ್ ಮುಟ್ಟಲು 1991ರವರೆಗೆ ಕಾಯಬೇಕಾಯಿತು.

ಪ್ರಶಸ್ತಿ ಬಂದರೂ ಪಾತ್ರ ಬದಲಾಗಲಿಲ್ಲ. ಮತ್ತೆ ಕೆಲಸದಾಕಿಯೇ. ಎನ್‌ಎಎಸಿಪಿಯ ಮುಖಂಡ ವಾಲ್ಟರ್ ವೈಟ್ ಹಾಲಿವುಡ್‌ಗೆ ಬಂದು, ಕಪ್ಪು ಜನರನ್ನು ಬರೀ ಆಳುಗಳಾಗಿ ತೋರಿಸುವುದನ್ನು ನಿಲ್ಲಿಸಿ ಎಂದು ಸ್ಟುಡಿಯೋಗಳ ಮೇಲೆ ಒತ್ತಡ ಹಾಕಿದರು. ಇಂಥ ಪಾತ್ರ ಮಾಡುವವರ ಮೇಲೂ ಟೀಕೆ ಬಂತು. ಹ್ಯಾಟಿಗೆ ಬಹಳ ನೋವಾಯಿತು. ವಾರಕ್ಕೆ ಏಳು ಡಾಲರಿಗೆ ಕೆಲಸದಾಕಿ ಆಗುವ ಬದಲು ಏಳುನೂರು ಡಾಲರಿಗೆ ಕೆಲಸದಾಕಿಯ ಪಾತ್ರ ಮಾಡುತ್ತೇನೆ ಎಂಬ ಅರ್ಥದ ಮಾತು ಆಕೆಯದೆಂದು ಇವತ್ತಿಗೂ ಹೇಳುತ್ತಾರೆ. ಯಾರ ಪರ ನಿಲ್ಲೋದು ಅಂತ ನೀವು ಕೇಳಿದರೆ, ನನಗೆ ಇಬ್ಬರೂ ಬೇಕು. ಕೆಲಸದಾಕಿಯೊಬ್ಬಳೇ ಪರದೆಯ ಮೇಲಿದ್ದರೆ ನಮ್ಮ ಮಕ್ಕಳು ಬೇರೆ ಕನಸು ಕಾಣುವುದಿಲ್ಲ, ವೈಟ್ ಹೇಳಿದ್ದು ಸುಳ್ಳಲ್ಲ. ಆದರೆ ಆ ಕೆಲಸದಾಕಿಯೊಳಗೆ ಒಂದು ಜೀವ ಇದೆ ಎಂದು ತೋರಿಸಿದವಳನ್ನೇ ತಪ್ಪಿತಸ್ಥೆಯಾಗಿ ನಿಲ್ಲಿಸಿದ್ದು ನನಗೆ ಒಪ್ಪಿಗೆಯಾಗುವುದಿಲ್ಲ. 1942ರ 'ಇನ್ ದಿಸ್ ಅವರ್ ಲೈಫ್' ಚಿತ್ರದಲ್ಲಿ ಆಕೆ ಮಾಡಿದ್ದೂ ಕೆಲಸದಾಕಿಯ ಪಾತ್ರವೇ, ಆದರೆ ಕಾನೂನು ಓದುವ ಮಗನ ಮೇಲೆ ಸುಳ್ಳು ಅಪರಾಧ ಬಿದ್ದಾಗ ನಿಂತ ತಾಯಿ. ಅಲ್ಲಿ ಹಾಸ್ಯವೇ ಇಲ್ಲ.

ಪರದೆಯಾಚೆ ಆಕೆ ತಲೆ ಬಾಗಿಸಲಿಲ್ಲ. ಲಾಸ್ ಏಂಜಲಿಸ್‌ನ ಒಳ್ಳೆಯ ಓಣಿಯಲ್ಲಿ ಮನೆ ಕೊಂಡಾಗ, ಕಪ್ಪು ಜನರಿಗೆ ಮನೆ ಮಾರಬಾರದೆಂಬ ಹಳೆಯ ಕರಾರು ತೋರಿಸಿ ಬಿಳಿಯ ನೆರೆಯವರು ಕೋರ್ಟಿಗೆ ಹೋದರು. ಹ್ಯಾಟಿ ಮತ್ತು ನೆರೆಯ ಕಪ್ಪು ಮನೆಗಳವರು ಕೂಡಿ ವಕೀಲ ಲೊರೆನ್ ಮಿಲ್ಲರ್ ಮೂಲಕ ಹೋರಾಡಿ 1945ರ ಡಿಸೆಂಬರ್‌ನಲ್ಲಿ ಗೆದ್ದರು. 1948ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕರಾರುಗಳನ್ನು ದೇಶದ ಯಾವ ಕೋರ್ಟೂ ಜಾರಿ ಮಾಡಬಾರದೆಂದು ತೀರ್ಪು ಕೊಟ್ಟಿತು. 1947ರಲ್ಲಿ 'ಬ್ಯೂಲಾ' ರೇಡಿಯೋ ಕಾರ್ಯಕ್ರಮಕ್ಕೆ ಸಹಿ ಹಾಕುವಾಗ, ಕಪ್ಪು ಜನರನ್ನು ಹಂಗಿಸಲು ಬಳಸುವ ಒಡಕು ಭಾಷೆ ಆಡುವುದಿಲ್ಲ ಎಂದು ಹಟ ಹಿಡಿದು ಒಪ್ಪಿಸಿದಳು. ಮೊದಲು ಆ ಪಾತ್ರ ಮಾಡುತ್ತಿದ್ದವರು ಬಿಳಿಯ ಗಂಡಸರು, ಇದನ್ನೂ ನೆನಪಿಡಿ.

ಪರದೆಯ ಮೇಲೆ ಎಲ್ಲರ ತಾಯಿಯಾಗಿದ್ದವಳಿಗೆ ಸ್ವಂತ ಮಗು ಇರಲಿಲ್ಲ. ಐವತ್ತರ ಹೊತ್ತಿಗೆ ಒಮ್ಮೆ ಬಸಿರೆಂದು ನಂಬಿ ಗೆಳೆಯರಿಗೆಲ್ಲ ಹೇಳಿಕೊಂಡಳು, ಕೂಸಿನ ಬಟ್ಟೆ ಬಂದವು. ಬಸಿರು ನಿಜವಲ್ಲವೆಂದು ವೈದ್ಯರು ಹೇಳಿದಾಗ ಕುಸಿದುಹೋದಳು. ನಾಲ್ಕು ಮದುವೆಗಳಲ್ಲಿ ಯಾವುದೂ ಕೊನೆಯವರೆಗೆ ಬರಲಿಲ್ಲ. ಆ ದುಃಖದ ನಡುವೆಯೂ ನಗಿಸುವ ಕೆಲಸ ನಡೆಯುತ್ತಲೇ ಇತ್ತು.

1952ರ ಅಕ್ಟೋಬರ್ 26ರಂದು ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣು ಮಾಡಬೇಕೆಂಬುದು ಆಕೆಯ ಕೊನೆಯ ಆಸೆ. ಅದು ಬಿಳಿಯರ ಸ್ಮಶಾನ, ಜಾಗ ಕೊಡಲಿಲ್ಲ. ಸ್ಮಶಾನದ ಜಾಗದ ಜಗಳ ನಮಗೇನು ಹೊಸತಲ್ಲ. ರೋಸ್‌ಡೇಲ್ ಎಂಬ ಬೇರೆ ಸ್ಮಶಾನದಲ್ಲಿ ಹೂಳಿದರು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು ತಾವಾಗಿಯೇ ಜಾಗ ಕೊಡಲು ಬಂದರು. ಮನೆಯವರು ಆಕೆಯನ್ನು ಇದ್ದಲ್ಲಿಯೇ ಬಿಟ್ಟು, ಅಲ್ಲೊಂದು ಸ್ಮಾರಕ ಕಲ್ಲು ನಿಲ್ಲಿಸಲು ಮಾತ್ರ ಒಪ್ಪಿದರು.

ಆಸ್ಕರ್ ಫಲಕವನ್ನು ಆಕೆ ಕಪ್ಪು ವಿದ್ಯಾರ್ಥಿಗಳು ಓದುವ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದಳು. ಮುಂದೆ ಯಾವಾಗಲೋ ಅದು ಅಲ್ಲಿಂದ ಕಾಣೆಯಾಯಿತು. ಆಸ್ಕರ್ ಅಕಾಡೆಮಿಯವರು ಅದರ ಬದಲಿಗೆ ಇನ್ನೊಂದು ಫಲಕ ಮಾಡಿಸಿ ಅದೇ ವಿಶ್ವವಿದ್ಯಾಲಯಕ್ಕೆ ತಂದು ಕೊಟ್ಟದ್ದು 2023ರಲ್ಲಿ.